ಒಂದು ಹೆಸರಿನಡಿ ಹಲವು ಕೆಲಸಗಳು

ಬೈಲಹೊಂಗಲ, ಸಂಪಗಾಂವ ಸೀಮೆಯ ಹತ್ತಿ ವ್ಯಾಪಾರಸ್ಥರಿಗೆ ‘ಬೇಲ್ ಕಟ್ಟಿಸುವುದು’ ಎಂಬ ಒಂದು ಮಾತು ಸಾಕು. ಶುಚಿಗೊಳಿಸುವಿಕೆ, ಜಿನ್ನಿಂಗ್, ಪ್ರೆಸ್ಸಿಂಗ್ ಎಲ್ಲವೂ ಅದರಲ್ಲಿ ಅಡಕವಾಗಿವೆ. ಪ್ರತಿ ಸಲ ಬದಲಾಗುವುದು ಲಾಟ್ ಮಾತ್ರ.

ಗಣಕಯಂತ್ರದಲ್ಲಿಯೂ ಇದೇ ತತ್ತ್ವವಿದೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ‘ಮೇಕ್’ ಎಂಬ ತಂತ್ರಾಂಶವು ಯಾವ ಕೆಲಸ ಯಾವುದನ್ನು ಅವಲಂಬಿಸಿದೆಯೆಂದು ನೋಡಿ, ಅದೇ ಕ್ರಮದಲ್ಲಿ ನಡೆಸುತ್ತದೆ. ಹಲವು ಕೆಲಸಗಳ ಸರಣಿಗೆ ಒಂದು ಹೆಸರಿಟ್ಟು, ಬದಲಾಗುವ ಅಂಶವನ್ನಷ್ಟೇ ಪ್ರತಿ ಸಲ ಒದಗಿಸುವ ‘ಮ್ಯಾಕ್ರೋಡೆಫ್’ ಸೌಲಭ್ಯವು 2003ರಲ್ಲಿ ‘ಆಂಟ್’ ತಂತ್ರಾಂಶದ 1.6ನೇ ಆವೃತ್ತಿಯಲ್ಲಿ ಬಂದಿತು.

ಅಂಗಡಿಯ ಲೆಕ್ಕಪತ್ರಕ್ಕೂ ಈ ಕ್ರಮ ಅನ್ವಯಿಸುತ್ತದೆ. ‘ತಿಂಗಳ ಮುಕ್ತಾಯ’ ಎಂಬ ಹೆಸರಿನಡಿ ಮಾರಾಟ ಬಿಲ್ಲುಗಳ ತಾಳೆ, ಬ್ಯಾಂಕ್ ಖಾತೆಯ ಹೊಂದಾಣಿಕೆ, ಜಿಎಸ್‌ಟಿ ಪಟ್ಟಿ, ಬ್ಯಾಕಪ್ ಎಂಬ ನಾಲ್ಕು ಹಂತಗಳಿರಲಿ. ತಿಂಗಳ ಹೆಸರೊಂದೇ ಹೊರಗಿನಿಂದ ಬರಲಿ.

ಇಲ್ಲಿ ಮರೆಯಬಾರದ ನಿಯಮವೊಂದಿದೆ: ಒಂದು ಹಂತ ತಪ್ಪಿದರೆ ಸರಣಿ ಅಲ್ಲಿಯೇ ನಿಲ್ಲಬೇಕು. ತಾಳೆಯಾಗದ ಬಿಲ್ಲುಗಳ ಪಟ್ಟಿ ಸಲ್ಲಿಕೆಯಾಗಿ ತೆರಿಗೆ ಕಡಿಮೆ ಪಾವತಿಯಾದರೆ, ವಾರ್ಷಿಕ ಶೇ. 18ರ ಬಡ್ಡಿಯನ್ನು ವರ್ತಕರೇ ತೆರಬೇಕಾಗುತ್ತದೆ. ಆದುದರಿಂದ ಹಂತಗಳನ್ನೂ ಅವುಗಳ ತಪಾಸಣೆಯನ್ನೂ ಮೊದಲು ಕಾಗದದ ಮೇಲೆ ಬರೆದು, ಅನಂತರವೇ ತಂತ್ರಾಂಶಕ್ಕೆ ಒಪ್ಪಿಸುವುದು ಕ್ಷೇಮ.