ಡ್ರಮ್ಮು ಕಲಕಲು ಒಬ್ಬರು ಬೇಕು

ಮಧುಗಿರಿ ಕಡೆಯ ಎರಡೆಕರೆ ಜಮೀನಿಗೆ ಶನಿವಾರ ಬಂದು, ಭಾನುವಾರ ರಾತ್ರಿ ಬೆಂಗಳೂರು ಬಸ್ಸು ಹತ್ತುವ ಹುಡುಗರು ಈಗ ಊರೂರಲ್ಲೂ ಇದ್ದಾರೆ. ಶಿರಾ, ಕೊರಟಗೆರೆ, ಪಾವಗಡದಲ್ಲೂ ಇದೇ ಕಥೆ. ನೀನೂ ಅವರಲ್ಲೊಬ್ಬ. ಬಂದವರೆಲ್ಲ ಮೊದಲು ಒಂದು ನೀಲಿ ಡ್ರಮ್ಮು ತಂದಿಟ್ಟು, ಮಣ್ಣಿಗೆ ಎರೆಯುವ ಜೀವಾಮೃತ ಹಾಕುತ್ತೀರಿ. ಒಳ್ಳೆಯ ಹವ್ಯಾಸ, ನನಗೆ ಸಂತೋಷ. ಆದರೆ ಒಂಟಿಯಾಗಿ ಮಾಡಲು ಹೋಗಬೇಡಪ್ಪ. ಆಗುವುದೂ ಇಲ್ಲ.

ಲೆಕ್ಕ ಹಾಕಿ ನೋಡು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳಿಕೊಟ್ಟು, ನಮ್ಮಲ್ಲಿ ರೈತ ಸಂಘದವರು ಹಳ್ಳಿಗಳಿಗೆ ಮುಟ್ಟಿಸಿದ ಅಳತೆ ಇದು: 200 ಲೀಟರ್ ನೀರಿಗೆ 10 ಕೆಜಿ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ರಾಸಾಯನಿಕ ಸೋಕದ ಬದುವಿನ ಮಣ್ಣು ಒಂದು ಹಿಡಿ. ಒಂದೆಕರೆಗೆ ಇಷ್ಟು. ನೆರಳಲ್ಲಿಟ್ಟು, ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ಕೋಲಿನಿಂದ ಬಲಕ್ಕೆ ಕಲಕಬೇಕು. ಎರಡು ದಿನಕ್ಕೆ ಸಿದ್ಧ, ಏಳು ದಿನದೊಳಗೆ ಮಣ್ಣಿಗೆ ಸೇರಬೇಕು. ಶನಿವಾರ ಬೆಳಿಗ್ಗೆ ಹಾಕಿದ್ದು ಹದಕ್ಕೆ ಬರುವುದು ಸೋಮವಾರ. ಆಗ ನೀನು ಆಫೀಸಿನಲ್ಲಿರುತ್ತೀಯ. ಮುಂದಿನ ಶನಿವಾರ ಬರುವ ಹೊತ್ತಿಗೆ ಅದರ ಕಾಲ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಡ್ರಮ್ಮಿಗಿಂತ ಮುಂಚೆ ನೀನು ಹುಡುಕಬೇಕಾದ್ದು ಪಕ್ಕದ ಹೊಲದವರನ್ನು.

ಹೇಗೆ ಮಾತಾಡಿಸಲಿ ಎನ್ನುತ್ತೀಯ. ಸಗಣಿ ಕೇಳು. ನಮ್ಮ ಸೀಮೆಯಲ್ಲಿ ಈಗ ಡೇರಿಗೆ ಹಾಲು ಹಾಕುವ ಸೀಮೆ ಹಸುಗಳೇ ಹೆಚ್ಚು. ಹಳ್ಳಿಕಾರ್ ತಳಿಯನ್ನು ಉಳಿಸಿಕೊಂಡವರು ಊರಿಗೆ ಒಂದೆರಡು ಮನೆ ಸಿಕ್ಕರೆ ಹೆಚ್ಚು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ದನ ಕುರಿ ಮೇಯುವ ಬಯಲೂ ಕಮ್ಮಿಯಾಗಿದೆ. ಅಂಥಲ್ಲಿ ನಾಟಿ ದನ ಕಟ್ಟಿಕೊಂಡಿರುವವರು ಹಟ ಹಿಡಿದು ಸಾಕುತ್ತಿರುವವರು. ಅವರ ಕೊಟ್ಟಿಗೆಗೆ ಹೋಗಿ ದುಡ್ಡು ಚಾಚಬೇಡ. ಮೊದಲು ಹಸುವಿನ ವಿಚಾರ ಕೇಳು. ಸಗಣಿ ಬಾಚುವ ಮನೆಯ ಹೆಣ್ಣುಮಗಳನ್ನೇ ಕೇಳು, ಗಂಡನನ್ನಲ್ಲ. ತಿಪ್ಪೆಯ ಲೆಕ್ಕ ಆಕೆಯದು. ಗಂಜಲ ಹಿಡಿಯುವುದಂತೂ ಬೆಳಗಿನ ಜಾವದ ಕೆಲಸ. ಯಾರದೋ ಡ್ರಮ್ಮಿಗಾಗಿ ಒಬ್ಬರು ಆ ಹೊತ್ತಿಗೆದ್ದು ಬಕೆಟ್ ಹಿಡಿಯುತ್ತಾರೆಂದರೆ ಅದು ಸಣ್ಣ ಉಪಕಾರವಲ್ಲ. ಅದನ್ನು ನೆನಪಿಟ್ಟುಕೋ.

ಬದಲಿಗೆ ಏನು ಕೊಡಬೇಕು? ಅರ್ಧ ಡ್ರಮ್ಮು ಕೊಡು. ನಿನ್ನ ಎರಡೆಕರೆಗೆ ಒಂದೇ ದಿನ ಎರೆದು ಮುಗಿಸುವ ಅವಸರವೇನೂ ಇಲ್ಲ. ಸೋಮವಾರ ಅವರ ಅಡಿಕೆ ಬುಡಕ್ಕೋ ಹೂವಿನ ಸಾಲಿಗೋ ಬೀಳಲಿ. ತನ್ನ ಹೊಲಕ್ಕೂ ಸಲ್ಲುವುದನ್ನು ಯಾರೂ ಬೇಸರದಿಂದ ಕಲಕುವುದಿಲ್ಲ.

ಹದ ಗುರುತಿಸುವುದನ್ನೂ ಅವರಿಂದಲೇ ಕಲಿ. ಎರಡನೆಯ ದಿನ ಗೋಣಿಚೀಲ ಸರಿಸಿದರೆ ಮೇಲೆ ಕಂದು ನೊರೆ ಕಟ್ಟಿರುತ್ತದೆ, ಸಣ್ಣ ಗುಳ್ಳೆ ಎದ್ದು ಒಡೆಯುತ್ತಿರುತ್ತವೆ. ಕೋಲು ಆಡಿಸಿದಾಗ ನೊರೆ ಅಂಚಿಗೆ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ಸಗಣಿ ವಾಸನೆ ಹಿಂದೆ ಸರಿದು, ಬೆಲ್ಲ ಹುಳಿತ ಘಮ ಮುಂದಾಗಿರುತ್ತದೆ. ಕೊಳೆತ ನಾತ ಬಂದರೆ ಹದ ತಪ್ಪಿದೆ. ದಿನಾ ದೋಸೆ ಹಿಟ್ಟು ಹುದುಗಿಸುವ ತಾಯಂದಿರಿಗೆ ಇದು ಮೂಗಿಗೇ ತಿಳಿಯುತ್ತದೆ; ನಿನ್ನ ಮೊಬೈಲಿನ ವಿಡಿಯೋದಲ್ಲಿ ವಾಸನೆ ಬರುವುದಿಲ್ಲ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಡ, ಒಳಗೆ ಗಾಳಿ ಕಟ್ಟುತ್ತದೆ. ಡ್ರಿಪ್ಪಿಗೆ ಬಿಡುವುದಾದರೆ ಬಟ್ಟೆಯಲ್ಲಿ ಚೆನ್ನಾಗಿ ಸೋಸು, ಇಲ್ಲದಿದ್ದರೆ ತೂತುಗಳೆಲ್ಲ ಕಟ್ಟಿಕೊಳ್ಳುತ್ತವೆ. ಕೊರಟಗೆರೆಯ ಅಡಿಕೆ ತೋಟದವರ ಹತ್ತಿರ ಒಂದು ಮಧ್ಯಾಹ್ನ ಕೂತರೆ ಇಂಥವು ಇನ್ನಷ್ಟು ತಿಳಿಯುತ್ತವೆ.

ಹುಳಿಸುವ, ಹುದುಗಿಸುವ ಹವ್ಯಾಸ ಇರುವವರು ಎಲ್ಲೇ ಇರಲಿ, ಜೊತೆ ಹುಡುಕುತ್ತಾರೆ. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು ಒಪ್ಪಿಗೆ ಕೊಟ್ಟ ಕಾನೂನಿಗೆ ಸಹಿ ಬಿದ್ದದ್ದು 1978ರಲ್ಲಿ. ಅದೇ ವರ್ಷ ಅಲ್ಲಿನ ಹವ್ಯಾಸಿಗಳು ಸಂಘ ಕಟ್ಟಿಕೊಂಡರು. ಅಷ್ಟು ದೂರ ಯಾಕೆ, ಗಡಿ ದಾಟಿ ಮಡಕಶಿರಾ, ಹಿಂದೂಪುರದ ಕಡೆ ಹೋಗಿ ಬಾ. ಆಂಧ್ರ ಸರ್ಕಾರದ ರೈತು ಸಾಧಿಕಾರ ಸಂಸ್ಥೆ 2016ರಿಂದ ನೈಸರ್ಗಿಕ ಕೃಷಿಯನ್ನು ಹಬ್ಬಿಸುತ್ತಿರುವುದು ಹೆಚ್ಚಾಗಿ ಮಹಿಳಾ ಸ್ವಸಹಾಯ ಸಂಘಗಳ ಮೂಲಕ. ಅಲ್ಲಿ ಜೀವಾಮೃತ ನಾಲ್ಕು ಜನ ಸೇರಿ ಮಾಡುವ ಕೆಲಸ. ಪಾವಗಡದವರಿಗೆ ತೆಲುಗು ಮನೆಮಾತಿನಷ್ಟೇ ಸಲೀಸು, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಡ್ರಮ್ಮು ಇಟ್ಟ ಮೂರು ತಿಂಗಳಿಗೇ ಯೂರಿಯಾ ಹಾಕುವವರಿಗೆ ಉಪದೇಶ ಶುರುಮಾಡುವ ಹುಡುಗರನ್ನು ಕಂಡಿದ್ದೇನೆ. ನಿನಗೆ ಸಂಬಳವಿದೆ, ಅವರಿಗೆ ಕಡ್ಲೆಕಾಯಿ ಬೆಳೆಯೇ ಸಂಬಳ. ಮಳೆ ಕೈಕೊಟ್ಟ ವರ್ಷ ಸಾಲ ತೀರಿಸಬೇಕಾದವರು ಅವರು. ಜೀವಾಮೃತವೊಂದೇ ಎಲ್ಲವನ್ನೂ ಸರಿಮಾಡುತ್ತದೆ ಎಂದೂ ಹೇಳಬೇಡ. ಮಣ್ಣಿಗೆ ಹೊದಿಕೆ ಇಲ್ಲದೆ, ಗರಿ ಸೊಪ್ಪು ಸಿಪ್ಪೆ ಬೀಳದೆ, ಬರಿಯ ಬಿಸಿಲು ನೆಲಕ್ಕೆ ಎರೆದರೆ ಅದರೊಳಗಿನ ಸೂಕ್ಷ್ಮಜೀವಿಗಳು ತಿನ್ನುವುದಾದರೂ ಏನನ್ನು? ಅಕ್ಕಪಕ್ಕದವರು ನಿನ್ನ ಹೊಲ ನೋಡುತ್ತಿರುತ್ತಾರೆ. ಕೇಳಿದಾಗ ಹೇಳು, ಸಾಕು.

ಡ್ರಮ್ಮು ಕೆಟ್ಟರೆ ರಾತ್ರೋರಾತ್ರಿ ಚೆಲ್ಲಿಬಿಡಬೇಡ. ಕಲಕುವ ಪಕ್ಕದ ಹೊಲದವರನ್ನು ಕರೆದು ತೋರಿಸು. ನೀರು ಕ್ಲೋರಿನ್ ಹಾಕಿದ್ದೋ, ಬಿಸಿಲು ಬಿತ್ತೋ, ಸಂಜೆ ಕಲಕುವುದು ತಪ್ಪಿತೋ ಎಂದು ಇಬ್ಬರೂ ಬಗ್ಗಿ ನೋಡಿ. ಸಂಜೆ ಕಲಕುವುದು ಅವರಿಂದಲೇ ತಪ್ಪಿದ್ದರೂ ಮುಖ ಗಂಟಿಕ್ಕಬೇಡ. ಅವರ ಮನೆಯಲ್ಲೂ ಹಬ್ಬ, ಸಾವು, ಜ್ವರ ಇರುತ್ತವೆ.

ಈ ಶನಿವಾರ ಬರುವಾಗ ಬೆಂಗಳೂರಿನಿಂದ ಬೆಲ್ಲ, ಹಿಟ್ಟು ಹೊತ್ತು ತರಬೇಡ. ಹಳೆ ಬೆಲ್ಲ ಊರ ಅಂಗಡಿಯಲ್ಲೇ ಸಿಗುತ್ತದೆ. ಹುರುಳಿಯನ್ನು ಪಕ್ಕದ ಹೊಲದವರಿಂದ ಕೊಂಡು, ಊರ ಗಿರಣಿಯಲ್ಲೇ ಹಿಟ್ಟು ಮಾಡಿಸು. ಗಿರಣಿ ಮುಂದೆ ಸರದಿ ಕಾಯುವಾಗ ಯಾರ ಹಸು ಈ ವಾರ ಕರು ಹಾಕಿತು ಎಂದು ವಿಚಾರಿಸು.