ಬಿಳಿಗಿರಿಯ ಸೋಲಿಗರು

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆ ಬೆಟ್ಟಗಳಿಗೆ ಮಾತ್ರವಲ್ಲದೆ ಬೆಟ್ಟದಲ್ಲಿ ಬಾಳುವ ಜನರಿಗೂ ಸಲ್ಲುವಂಥದು. ಗುಡ್ಡಗಾಡಿನ ಜನರನ್ನು ಕುರಿತು ಬಯಲಿನವರು ಎರಡು ಬಗೆಯಾಗಿ ಮಾತನಾಡುವುದುಂಟು. ಕೆಲವರು ಅವರನ್ನು ಏನೂ ಅರಿಯದ ಕಾಡುಜನರೆಂದು ಹಳಿಯುತ್ತಾರೆ. ಮತ್ತೆ ಕೆಲವರು ಅವರು ಚಿಂತೆಯನ್ನೇ ಕಾಣದೆ ಹಾಡಿ ಕುಣಿದು ಸುಖವಾಗಿರುವವರೆಂದು ಹೊಗಳುತ್ತಾರೆ. ಹಳಿಯುವವರೂ ಹೊಗಳುವವರೂ ಹತ್ತಿರ ಹೋಗಿ ನೋಡಿದವರಲ್ಲ. ಇಂಥ ಅರೆತಿಳಿವಳಿಕೆಯಿಂದ ಒಂದು ಜನಕ್ಕೆ ಎಷ್ಟು ಕಷ್ಟ ಒದಗಬಹುದೆಂಬುದನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಾಳಿನಿಂದ ಅರಿಯಬಹುದು.

ಚಾಮರಾಜನಗರ ಜಿಲ್ಲೆಯಲ್ಲಿರುವ ಈ ಬೆಟ್ಟಸಾಲು ಪಶ್ಚಿಮ ಘಟ್ಟಗಳನ್ನೂ ಪೂರ್ವ ಘಟ್ಟಗಳನ್ನೂ ಬೆಸೆಯುವ ಸೇತುವೆಯಂತಿದೆ. ಬುಡದಲ್ಲಿ ಕುರುಚಲು ಕಾಡು, ಅದರ ಮೇಲೆ ಎಲೆಯುದುರುವ ಮರಗಳ ಕಾಡು, ಎತ್ತರದ ಕಣಿವೆಗಳಲ್ಲಿ ನಿತ್ಯಹಸಿರಿನ ಕಾಡು, ನೆತ್ತಿಯ ಮೇಲೆ ಹುಲ್ಲುಗಾವಲು. ಆನೆ, ಕಾಟಿ, ಕರಡಿ, ಹುಲಿಗಳು ಅಲೆಯುವ ಈ ನೆಲದಲ್ಲಿ ಸೋಲಿಗರ ಪುಟ್ಟ ಊರುಗಳಿವೆ. ಅವನ್ನು ‘ಪೋಡು’ ಎನ್ನುತ್ತಾರೆ. ತಾವು ಬಿದಿರಿನಿಂದ ಬಂದವರೆಂದು ಸೋಲಿಗರು ಹೇಳಿಕೊಳ್ಳುವುದುಂಟು. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರವಾದ ಒಂದು ದ್ರಾವಿಡ ನುಡಿ. ಅದನ್ನು ಕೆಟ್ಟ ಕನ್ನಡವೆಂದು ನಕ್ಕವರೂ ಇದ್ದಾರೆ. ಆದರೆ ಆಂಗ್ ಸಿ ಎಂಬ ಭಾಷಾವಿಜ್ಞಾನಿ ಸೋಲಿಗರೊಡನೆ ಕುಳಿತು ಆ ನುಡಿಯನ್ನು ಕಲಿತರು. ಗಿಡಮರ, ಹಕ್ಕಿ, ಜೇನುಗಳನ್ನು ಕುರಿತ ಎಷ್ಟೊಂದು ಅರಿವು ಅದರಲ್ಲಿ ಅಡಗಿದೆಯೆಂಬುದನ್ನು ವಿವರಿಸಿ 2016ರಲ್ಲಿ ಒಂದು ಗ್ರಂಥವನ್ನೇ ಹೊರತಂದರು.

ಸೋಲಿಗರಿಗೆ ಕಾಡು ಬರಿಯ ಮರಗಳ ಗುಂಪಲ್ಲ. ಹಿರಿಯರು ಇಡೀ ಬೆಟ್ಟವನ್ನು ‘ಎಲ್ಲೆ’ಗಳಾಗಿ ಹಂಚಿಕೊಂಡಿದ್ದರು. ಒಂದೊಂದು ಎಲ್ಲೆಯನ್ನು ನೋಡಿಕೊಳ್ಳುವ ಹೊಣೆ ಒಂದೊಂದು ಕುಲದ್ದು. ಪ್ರತಿ ಎಲ್ಲೆಯಲ್ಲಿಯೂ ದೇವರ ಕಲ್ಲು, ಮಾರಮ್ಮನ ನೆಲೆ, ನೀರಿನ ಅಬ್ಬಿ, ಹಿರಿಯರ ಕಲ್ಲುಗುಡಿಗಳಿವೆ. ಇಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ಸೋಲಿಗರು ಸಂಶೋಧಕರ ಜೊತೆಗೂಡಿ ನಕ್ಷೆಯಲ್ಲಿ ಗುರುತಿಸಿದ್ದಾರೆ. ಭಾರ್ಗವಿ ಹೊಳೆಯ ದಡದಲ್ಲಿ ನೂರಾರು ವರ್ಷಗಳಿಂದ ನಿಂತಿರುವ ದೊಡ್ಡಸಂಪಿಗೆಯ ಮರವೇ ಅವರಿಗೊಂದು ಗುಡಿ. ಬೆಟ್ಟದೊಡೆಯನಾದ ರಂಗನಾಥನು ಕುಸುಮಾಲೆಯೆಂಬ ಸೋಲಿಗರ ಹೆಣ್ಣನ್ನು ಮದುವೆಯಾದನೆಂಬುದು ಅವರ ಕಥೆ. ಆದುದರಿಂದ ಸೋಲಿಗರು ದೇವರನ್ನೇ ‘ಭಾವ’ ಎಂದು ಸಲುಗೆಯಿಂದ ಕರೆಯುತ್ತಾರೆ. ಹೊಸ ರಾಗಿ ಕೈಸೇರಿದಾಗ ಪೋಡಿನವರೆಲ್ಲ ಕೂಡಿ ದೇವರಿಗೆ ಎಡೆಯಿಟ್ಟು ರೊಟ್ಟಿಹಬ್ಬವನ್ನು ಆಚರಿಸುತ್ತಾರೆ. ಜೇನು ಕೀಳುವಾಗ ತಟ್ಟಿಯನ್ನು ಪೂರ್ತಿ ಬರಿದು ಮಾಡದಿರುವುದು, ನೆಲ್ಲಿಮರದಲ್ಲಿ ಪ್ರಾಣಿಪಕ್ಷಿಗಳಿಗೆಂದು ಕಾಯಿ ಉಳಿಸುವುದು ಅವರು ಹಿಂದಿನಿಂದ ಪಾಲಿಸಿಕೊಂಡು ಬಂದ ನಿಯಮಗಳು.

ಇಂಥ ಜನರ ಮೇಲೆ ಬಂದ ದೊಡ್ಡ ಆರೋಪವೆಂದರೆ, ಅವರು ಕಾಡನ್ನು ಸುಡುವವರು ಎಂಬುದು. ಇದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ಅವರ ಬೇಸಾಯದ ಕ್ರಮ. ಅವರು ಕಾಡಿನ ಒಂದು ತುಂಡನ್ನು ಕಡಿದು, ಸುಟ್ಟು, ಅಲ್ಲಿ ರಾಗಿಯೊಡನೆ ಅವರೆ, ಸಾಸಿವೆ, ಕುಂಬಳಗಳನ್ನು ಬೆಳೆಯುತ್ತಿದ್ದರು. ಕೆಲವು ವರ್ಷಗಳ ಬಳಿಕ ಆ ನೆಲವನ್ನು ಬೀಳುಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಬಿಟ್ಟ ನೆಲದಲ್ಲಿ ಮತ್ತೆ ಕಾಡು ಏಳುತ್ತಿತ್ತು. ಎರಡನೆಯದು ‘ತರಗುಬೆಂಕಿ’. ಬೇಸಿಗೆ ಬಲಿಯುವುದಕ್ಕೆ ಮೊದಲೇ, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ಎಲೆಗಳಿಗೂ ಒಣಹುಲ್ಲಿಗೂ ಅವರು ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ನೆಲದ ಮೇಲೆ ಹರಿದು ಆರಿಹೋಗುತ್ತಿತ್ತು. ಕಡುಬೇಸಿಗೆಯಲ್ಲಿ ಮರಗಳನ್ನೇ ನುಂಗುವ ಕಾಳ್ಗಿಚ್ಚು ಬೇರೆ, ಈ ತರಗುಬೆಂಕಿ ಬೇರೆ. ದೂರದಿಂದ ಹೊಗೆಯನ್ನು ಕಂಡವರಿಗೆ ಈ ಭೇದ ತಿಳಿಯಲಿಲ್ಲ.

1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾಯಿತು. ಕಾಡುಪ್ರಾಣಿಗಳನ್ನು ಉಳಿಸಬೇಕೆಂಬ ಉದ್ದೇಶ ಉತ್ತಮವಾದುದೇ. ಆದರೆ ಅದರ ಭಾರ ಬಿದ್ದುದು ಸೋಲಿಗರ ಮೇಲೆ. ಬೇಟೆಯೂ ಸುತ್ತಾಡಿ ಮಾಡುವ ಬೇಸಾಯವೂ ತರಗುಬೆಂಕಿಯೂ ನಿಂತುವು. ಕಾಡಿನ ಒಳಗೆ ಹರಡಿಕೊಂಡಿದ್ದ ಕುಟುಂಬಗಳು ಒಂದೆಡೆ ನೆಲೆಸಬೇಕಾಯಿತು. ಅಲ್ಲಿ ದೊರೆತ ತುಂಡುನೆಲದ ಬೆಳೆಗೆ ಆನೆಯ, ಹಂದಿಯ ಕಾಟ. ಅನೇಕರು ಕಾಫಿ ತೋಟಗಳ ಕೂಲಿಯನ್ನು ನಂಬಿದರು. ಕಾಯಿಲೆಯಾದರೆ ಆಸ್ಪತ್ರೆ ಬೆಟ್ಟದ ಕೆಳಗೆ, ಬಹುದೂರ. ಜೇನು, ನೆಲ್ಲಿ, ಪಾಚಿಗಳನ್ನು ಸಂಗ್ರಹಿಸಿ ಸಹಕಾರ ಸಂಘಕ್ಕೆ ಮಾರಿ ಬರುತ್ತಿದ್ದ ಹಣವೇ ಹಲವು ಮನೆಗಳಿಗೆ ಆಧಾರವಾಗಿತ್ತು. 2006ರಲ್ಲಿ ಆ ಸಂಗ್ರಹಕ್ಕೂ ನಿಷೇಧ ಬಂದಿತು. ಹಾಡು ಕುಣಿತಗಳನ್ನಷ್ಟೇ ಕಂಡು ಹೊಗಳಿದವರ ಕಣ್ಣಿಗೆ ಈ ಬವಣೆ ಬೀಳಲಿಲ್ಲ.

ಹತ್ತಿರ ಹೋಗಿ ನೋಡಿದವರು ಇರಲಿಲ್ಲವೆಂದಲ್ಲ. ವೈದ್ಯರಾದ ಡಾ. ಎಚ್. ಸುದರ್ಶನ್ ಅವರು ಬೆಟ್ಟಕ್ಕೆ ಬಂದು ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿ ಆಸ್ಪತ್ರೆ ಎದ್ದಿತು, ಶಾಲೆ ಎದ್ದಿತು. ಅವರು ಸೋಲಿಗರಿಗೆ ಕಲಿಸಲು ಬಂದವರಾಗಿ ಮಾತ್ರ ಉಳಿಯಲಿಲ್ಲ. ಸೋಲಿಗರ ಗಿಡಮೂಲಿಕೆಯ ಅರಿವಿಗೂ ಬೆಲೆ ಕೊಟ್ಟರು. ಏನೂ ಅರಿಯದವರೆಂದು ಹೇಳಿಸಿಕೊಂಡವರ ಮಕ್ಕಳು ಓದಿ ಉಪಾಧ್ಯಾಯರೂ ದಾದಿಯರೂ ಸಂಶೋಧಕರೂ ಆದರು.

ಇತ್ತ ಕಾಡಿನ ಗತಿ ಏನಾಯಿತು? ಹೊರದೇಶದಿಂದ ಬಂದ ಲಂಟಾನದ ಪೊದೆ ಮರಗಳ ಕೆಳಗೆಲ್ಲ ಹಬ್ಬಿತು. ಹುಲ್ಲು ಕಡಿಮೆಯಾಯಿತು. ನೆಲ್ಲಿಮರಗಳನ್ನು ಬಂದಳಿಕೆ ಹಿಡಿಯಿತು. ಬೆಂಕಿ ನಿಂತುದರಿಂದಲೇ ಹೀಗಾಯಿತೆಂದು ಸೋಲಿಗ ಹಿರಿಯರು ಹೇಳಿದರು. ವಿಜ್ಞಾನಿಗಳು ಆ ಮಾತನ್ನು ತಳ್ಳಿಹಾಕದೆ ಕಾಡಿನಲ್ಲಿ ಅಳತೆ ಮಾಡಿ ನೋಡಿದರು. ಲಂಟಾನವೂ ಬಂದಳಿಕೆಯೂ ಹೆಚ್ಚುತ್ತಿರುವುದು ದಿಟವಾಯಿತು. ಅದಕ್ಕೆ ಬೆಂಕಿಯ ನಿಲುಗಡೆ ಎಷ್ಟರಮಟ್ಟಿಗೆ ಕಾರಣವೆಂಬ ವಿಚಾರದಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಹಿರಿಯರ ಮಾತು ಮೂಢನಂಬಿಕೆಯಲ್ಲ, ನೋಡಿ ನೋಡಿ ಪಡೆದ ಅನುಭವವೆಂಬುದನ್ನು ಒಪ್ಪಬೇಕಾಯಿತು.

2011ರ ಆರಂಭದಲ್ಲಿ ಬೆಟ್ಟವನ್ನು ಹುಲಿ ಮೀಸಲು ಪ್ರದೇಶವೆಂದು ಸಾರಿದಾಗ, ತಮ್ಮ ನೆಲೆ ತಪ್ಪೀತೆಂಬ ಭಯ ಸೋಲಿಗರನ್ನು ಕಾಡಿತು. ಅವರು 2006ರ ಅರಣ್ಯ ಹಕ್ಕು ಕಾಯಿದೆಯ ಆಸರೆ ಪಡೆದು, ಗ್ರಾಮಸಭೆಗಳನ್ನು ಸೇರಿಸಿ ತಮ್ಮ ಹಕ್ಕನ್ನು ಕೇಳಿದರು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಹುಲಿಗಳ ನೆಲೆಯೊಳಗೆ ವಾಸಿಸುವ ಜನರಿಗೆ ಇಂಥ ಹಕ್ಕು ದೊರೆತ ಮೊದಮೊದಲ ನಿದರ್ಶನಗಳಲ್ಲಿ ಇದೊಂದು. ಜನರಿದ್ದರೆ ಹುಲಿ ಉಳಿಯದೆಂದು ಹೇಳುವವರಿದ್ದರು. ಆದರೆ ಅಂದಾಜಿನ ಪ್ರಕಾರ 2010ರಲ್ಲಿ ಸುಮಾರು 35 ಇದ್ದ ಹುಲಿಗಳು 2014ರ ವೇಳೆಗೆ 68 ಆಗಿದ್ದುವು. ಇದಕ್ಕೆ ಕಾರಣಗಳು ಹಲವಿರಬಹುದು. ಸೋಲಿಗರು ಹುಲಿಗೆ ಹಗೆಗಳೆಂಬ ಮಾತು ಮಾತ್ರ ನಿಲ್ಲಲಿಲ್ಲ.

ಸೋಲಿಗರ ಕಷ್ಟ ಮುಗಿಯಿತೆಂದು ಇದರ ಅರ್ಥವಲ್ಲ. ಹಕ್ಕುಪತ್ರ ಕೈಗೆ ಬರುವುದು ಬೇರೆ, ಅದರಂತೆ ಬಾಳು ನಡೆಯುವುದು ಬೇರೆ. ಓದಿದ ತರುಣರು ಕೆಲಸವನ್ನರಸಿ ಬೆಟ್ಟ ಇಳಿಯುತ್ತಿದ್ದಾರೆ. ಹಿರಿಯರೊಂದಿಗೆ ಎಲ್ಲೆಗಳ ಅರಿವೂ ಅಳಿದುಹೋಗುವ ಅಂಜಿಕೆಯಿದೆ. 2022ರಲ್ಲಿ ಈ ಬೆಟ್ಟದಲ್ಲಿ ಕಂಡ ಹೊಸ ಬಗೆಯ ಕಣಜಕ್ಕೆ ವಿಜ್ಞಾನಿಗಳು ‘ಸೋಲಿಗ’ ಎಂದೇ ಹೆಸರಿಟ್ಟು ಈ ಜನರನ್ನು ಗೌರವಿಸಿದರು. ಹೆಸರಿಗೆ ಸಂದ ಮನ್ನಣೆ ಅವರ ಮಾತಿಗೂ ಸಲ್ಲಬೇಕು. ಕಾಡಿನ ವಿಚಾರವಾಗಿ ನಿರ್ಧಾರ ಕೈಗೊಳ್ಳುವ ಸಭೆಗಳಲ್ಲಿ ಕಾಡನ್ನು ಬಲ್ಲವರಿಗೂ ಒಂದು ಸ್ಥಾನವಿರಬೇಕು. ಒಂದು ಜನವನ್ನು ಕುರಿತು ತೀರ್ಪು ಕೊಡುವ ಮೊದಲು ಅವರ ಮಾತನ್ನು ಕೇಳುವುದು ನಾಗರಿಕತೆಯ ಮೊದಲ ಪಾಠ.