ನೋವನ್ನು ನುಂಗಬೇಡ ಕಂದ

ಪುಟ್ಟಿ, ನಿನ್ನೆ ರಾತ್ರಿ ನೀನು ಬ್ಯಾಲೆಯ ಹೊಸ ಪಾಯಿಂಟ್ ಶೂಗೆ ರಿಬ್ಬನ್ ಹೊಲಿಯುತ್ತಿದ್ದಾಗ ಸೂಜಿಗೆ ದಾರ ಪೋಣಿಸಿಕೊಟ್ಟವಳು ನಾನು. ಆ ಶೂ ಹೊರಗೆಲ್ಲ ನುಣುಪಾದ ಸ್ಯಾಟಿನ್. ತುದಿಯನ್ನು ತಟ್ಟಿದರೆ ಮರದ ಹಾಗೆ ಟಕಟಕ ಅನ್ನುತ್ತಿತ್ತು. ಬಟ್ಟೆ, ಕಾಗದದ ಪದರಗಳಿಗೆ ಅಂಟು ಹಚ್ಚಿ ಗಟ್ಟಿ ಮಾಡಿರುತ್ತಾರೆ ಅಂತ ನೀನೇ ಹೇಳಿದೆ. ದೊಡ್ಡ ಕಂಪನಿಯ ನಾಯಕಿಗೆ ಒಂದು ಜೊತೆ ಒಂದೇ ಪ್ರದರ್ಶನಕ್ಕೆ ಮೆತ್ತಗಾಗಿಬಿಡುವುದೂ ಉಂಟಂತೆ. ನೀನು ಮಾತಾಡುತ್ತಾ ಮಾತಾಡುತ್ತಾ ಬಲಗಾಲಿನ ಮುಂಗಾಲ ಮೂಳೆಯನ್ನು ಒಂದೇ ಜಾಗದಲ್ಲಿ ಮೂರು ಸಲ ಒತ್ತಿಕೊಂಡೆ. ಕೇಳಿದರೆ ‘ಏನಿಲ್ಲ ಅಜ್ಜಿ’ ಅಂದೆ.

ಬ್ಯಾಲೆ ನಾನು ಕಲಿತ ವಿದ್ಯೆಯಲ್ಲ, ಆದರೆ ನಲವತ್ತು ವರ್ಷ ಭರತನಾಟ್ಯ ಹೇಳಿಕೊಟ್ಟಿದ್ದೇನೆ. ನೀವೆಲ್ಲ ಬಾರ್ ಹಿಡಿದು ಮಂಡಿ ಬಗ್ಗಿಸಿ ಪ್ಲಿಯೆ ಮಾಡುವಾಗ ನನ್ನ ಕಣ್ಣಿಗೆ ಅರಮಂಡಿಯೇ ಕಾಣುತ್ತದೆ. ಎರಡರಲ್ಲೂ ಮಂಡಿ ಹೊರಕ್ಕೆ ತಿರುಗಬೇಕು, ಆ ತಿರುವು ಸೊಂಟದ ಕೀಲಿನಿಂದಲೇ ಬರಬೇಕು. ಸೊಂಟ ಅಷ್ಟು ಬಿಡದಿದ್ದಾಗ ಪಾದವನ್ನು ನೆಲಕ್ಕೆ ಒತ್ತಿ ತಿರುಗಿಸಿಕೊಂಡರೆ ಕನ್ನಡಿಯಲ್ಲೇನೋ ಚೆನ್ನಾಗಿ ಕಾಣುತ್ತದೆ, ತಿರುಚಿದ ಭಾರವೆಲ್ಲ ಮಂಡಿಗೆ ಬೀಳುತ್ತದೆ. ನಾನು ಮಾಡಿದ್ದು ಅದನ್ನೇ. ರಂಗಪ್ರವೇಶಕ್ಕೆ ಎರಡು ತಿಂಗಳಿದ್ದಾಗ ಎಡಮಂಡಿ ಊದಿಕೊಂಡಿತು. ಬಾಯಿಬಿಟ್ಟರೆ ದಿನ ಮುಂದೆ ಹೋಗುತ್ತದೆ ಅಂತ ರಾತ್ರಿ ಉಪ್ಪಿನ ಗಂಟಿನ ಶಾಖ ಕೊಟ್ಟುಕೊಂಡು ಬೆಳಿಗ್ಗೆ ಕುಣಿಯುತ್ತಿದ್ದೆ. ಐವತ್ತು ದಾಟಿದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದು ನನ್ನಿಂದ ಆಗಿಲ್ಲ.

ನಿನ್ನ ಕೋಣೆಯ ಗೋಡೆಯ ಮೇಲಿನ ಚಿತ್ರದಲ್ಲಿರುವ ಬ್ಯಾಲೆ ನರ್ತಕಿ ಮಿಸ್ಟಿ ಕೋಪ್‌ಲ್ಯಾಂಡ್ ಕಥೆ ನಿನಗೆ ಗೊತ್ತು. ಕಲಿಯಲು ಶುರು ಮಾಡಿದ್ದೇ 13ನೇ ವಯಸ್ಸಿನಲ್ಲಿ. 2012ರಲ್ಲಿ ನ್ಯೂಯಾರ್ಕಿನಲ್ಲಿ ‘ಫೈರ್‌ಬರ್ಡ್’ ಆಡುವಾಗ ಮುಂಗಾಲ ಮೂಳೆಯಲ್ಲಿ 6 ಕಡೆ ಬಿರುಕು ಬಿಟ್ಟಿತ್ತು. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿ ಮೂಳೆಗೆ ಪ್ಲೇಟ್ ಹಾಕಿದರು. ಆಕೆ ಚೇತರಿಸಿಕೊಂಡು 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರಿನಲ್ಲಿ ಪ್ರಿನ್ಸಿಪಲ್ ನರ್ತಕಿಯ ಸ್ಥಾನಕ್ಕೇರಿದ ಮೊದಲ ಕಪ್ಪು ಮಹಿಳೆಯಾದಳು. ನೀವು ಹುಡುಗಿಯರು ಆ ಕಥೆಯಲ್ಲಿ ಬಿರುಕುಗಾಲಿನ ಕುಣಿತವನ್ನಷ್ಟೇ ನೆನಪಿಟ್ಟುಕೊಳ್ಳುತ್ತೀರಿ. ಆಮೇಲೆ ಆಕೆ ತಿಂಗಳುಗಟ್ಟಲೆ ವೇದಿಕೆಯಿಂದ ದೂರ ಉಳಿದದ್ದನ್ನೂ ನೆನಪಿಟ್ಟುಕೋ.

ಎಲ್ಲ ನೋವೂ ಒಂದೇ ಅಲ್ಲ. ಕ್ಲಾಸು ಮುಗಿದ ಮೇಲೆ ಎರಡೂ ತೊಡೆ ಬಿಗಿದುಕೊಂಡು, ಎರಡು ದಿನದಲ್ಲಿ ಸಡಿಲವಾದರೆ ಅದು ದುಡಿಮೆಯ ನೋವು. ಮೂಳೆಯ ಮೇಲೆ ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸುವ ಹಾಗಿದ್ದು, ದಿನದಿನಕ್ಕೆ ಹೆಚ್ಚುತ್ತಾ, ಮಲಗಿದರೂ ಕಾಡಿದರೆ ಅದನ್ನು ಡಾಕ್ಟರು ನೋಡಲೇಬೇಕು. ಊಟದ ವಿಷಯವೂ ಇದಕ್ಕೇ ಸೇರಿದ್ದು. ಕಡಿಮೆ ತಿಂದು ಹೆಚ್ಚು ಕುಣಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ, ಆಮೇಲೆ ಇಂಥ ಬಿರುಕುಗಳು ಬರುತ್ತವೆ. ತಟ್ಟೆಯಲ್ಲಿ ಅನ್ನ ಬಿಟ್ಟು ಏಳಬೇಡ.

ಮುಂದಿನ ದಾರಿಯೂ ಉದ್ದವಿದೆ. ರಾಯಲ್ ಬ್ಯಾಲೆ ಸ್ಕೂಲಿಗೆ 11ಕ್ಕೇ ಸೇರುವ ಮಕ್ಕಳಿದ್ದಾರೆ. ಅವರಲ್ಲೂ ಎಲ್ಲರೂ ಕಂಪನಿಯವರೆಗೆ ಬರುವುದಿಲ್ಲ. ಬಂದವರೂ ಮೊದಲು ಗುಂಪಿನಲ್ಲೇ ನಿಲ್ಲಬೇಕು. ನಮ್ಮ ದೇಶದ ದೇವದಾಸಿಯನ್ನು ನಾಯಕಿ ಮಾಡಿ ನೃತ್ಯ ಸಂಯೋಜಕ ಪೆಟಿಪಾ 1877ರಲ್ಲಿ ಕಟ್ಟಿದ ಬ್ಯಾಲೆ ‘ಲಾ ಬಯಾದೇರ್’ ನೋಡಲು ಹೋಗಿದ್ದೆವಲ್ಲ, ಅದರಲ್ಲಿ ಬಿಳಿಯುಡುಪಿನ ಹುಡುಗಿಯರು ಇಳಿಜಾರಿನಲ್ಲಿ ಒಬ್ಬರ ಹಿಂದೊಬ್ಬರು ಅದೇ ಹೆಜ್ಜೆ ಹಾಕುತ್ತಾ ಇಳಿದು ಬಂದರು. ಯಾರ ಹೆಸರೂ ನಮಗೆ ಗೊತ್ತಿರಲಿಲ್ಲ, ನನ್ನ ಕಣ್ಣು ತುಂಬಿದ್ದು ಮಾತ್ರ ಅವರನ್ನು ನೋಡಿಯೇ. ಅವರಲ್ಲಿ ಮೊದಲು ಬಂದವಳು ಕೊನೆಯವಳು ಇಳಿಯುವವರೆಗೂ ಅದೇ ಹೆಜ್ಜೆ ಹಾಕುತ್ತಿರಬೇಕು. ಅದಕ್ಕೆ ಗಟ್ಟಿ ಕಾಲು ಬೇಕು. ಪ್ಯಾರಿಸ್ ಒಪೆರಾದಲ್ಲಿ ನರ್ತಕರಿಗೆ 42ಕ್ಕೇ ನಿವೃತ್ತಿ, ಎಷ್ಟೋ ಮಂದಿ ಅದಕ್ಕೂ ಮೊದಲೇ ನಿಲ್ಲಿಸುತ್ತಾರೆ. ಇರುವುದೇ ಅಷ್ಟು ವರ್ಷ. ಅದರಲ್ಲಿ ಒಂದನ್ನೂ ಮುಚ್ಚಿಟ್ಟ ನೋವಿಗೆ ಕೊಡಬೇಡ. ಶಾಲೆಯ ಓದನ್ನೂ ಕೈಬಿಡಬೇಡ.

ನಾಳೆ ಕ್ಲಾಸು ಶುರುವಾಗುವ ಮುಂಚೆ ಟೀಚರಿಗೆ ಆ ಬಲಗಾಲಿನ ವಿಷಯ ಹೇಳಿಬಿಡು ಕಂದ. ಒಬ್ಬಳೇ ಹೇಳಲು ಹೆದರಿಕೆಯಾದರೆ ನಾನೂ ಜೊತೆಗೆ ಬರುತ್ತೇನೆ.